ಅಂದಾನೆಪ್ಪನ ಐವತ್ತು ಪರ್ಸೆಂಟ್

ಬೈಲಹೊಂಗಲದ ಬಜಾರದಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ನಡೆಸುವ ಅಂದಾನೆಪ್ಪನಿಗೆ ಯಾವ ಪರೀಕ್ಷೆಯಲ್ಲೂ ಐವತ್ತು ಪರ್ಸೆಂಟ್ ಬಂದದ್ದಿಲ್ಲ. ಮೆಟ್ರಿಕ್ಕಿನಲ್ಲಿ ಮೂವತ್ತೈದಕ್ಕೆ ಬಂದು ನಿಂತವನು, ಅದರಾಚೆಗೆ ನೋಡುವ ಗೋಜಿಗೆ ಹೋಗದೆ ಅಪ್ಪನ ಗಲ್ಲಾದ ಮುಂದೆ ಕೂತುಬಿಟ್ಟಿದ್ದ. ಹಾಗಾಗಿ ಕಾರು ಕೊಂಡು ಐದು ವರ್ಷವಾದ ಮೇಲೆ ಒಂದು ದಿನ ಇನ್ಶೂರನ್ಸ್ ಏಜೆಂಟ್ ಮಧು ಅಂಗಡಿಯ ಮೆಟ್ಟಿಲು ಹತ್ತಿ, "ಸಾವ್ಕಾರ್ರ, ಈ ಸಲ ನಿಮಗ ಐವತ್ತು ಪರ್ಸೆಂಟ್ ಬಂತ್ರಿ. ಇದಕಿಂತ ಮ್ಯಾಲ ಯಾರಿಗೂ ಇಲ್ಲ" ಎಂದಾಗ, ಅಂದಾನೆಪ್ಪನ ಕೈಯಲ್ಲಿದ್ದ ಹೆಸರು ಕೊರೆಯುವ ಮಷಿನ್ನು ಜಾರಿತು. ದೊಡವಾಡದ ಯಾರದೋ ಮದುವೆಯ ತಾಟಿನ ಮೇಲೆ ವರನ ಹೆಸರು ಅಂಚಿನವರೆಗೂ ಹರಿದುಹೋಯಿತು.

"ಬಿಡಿಸಿ ಹೇಳೋ ಮಧು" ಎಂದ.

ಮಧು ನೂರಾರು ಸಲ ಹೇಳಿದ್ದನ್ನೇ ಮತ್ತೆ ಹೇಳಿದ. "ನೋಡ್ರಿ, ಥರ್ಡ್ ಪಾರ್ಟಿ ಅಂತ ಒಂದೈತಿ. ಅದು ಕಾಯ್ದೆ. ನಿಮ್ಮ ಗಾಡಿಯಿಂದ ಬ್ಯಾರೆಯವರಿಗೆ ಪೆಟ್ಟಾತು, ಅವರ ಸಾಮಾನು ಹಾಳಾತು ಅಂದ್ರ ಕಂಪನಿ ಕೊಡತೈತಿ. ಅದಿಲ್ದ ರೋಡಿಗೆ ಬಂದ್ರ ಪೊಲೀಸ್ರು ಹಿಡೀತಾರ. ನಿಮ್ಮ ಗಾಡಿಗೇ ಪೆಟ್ಟಾದ್ರ ಅದು ಓನ್ ಡ್ಯಾಮೇಜು, ಅದಕ್ಕ ಬ್ಯಾರೆ ರೊಕ್ಕ. ಅದು ನಿಮ್ಮ ಖುಷಿ. ನೀವು ಎರಡೂ ಮಾಡಿಸೀರಿ. ವರ್ಷತನಕ ಕ್ಲೇಮ್ ಮಾಡಲಿಲ್ಲಂದ್ರ ಆ ಓನ್ ಡ್ಯಾಮೇಜಿನ ರೊಕ್ಕದಾಗ ಡಿಸ್ಕೌಂಟ್. ಇಪ್ಪತ್ತರಿಂದ ಸುರು ಆಗಿ ಏರಕೋತ ಏರಕೋತ ಐವತ್ತಕ್ಕ ನಿಂದ್ರತೈತಿ. ನೋ ಕ್ಲೇಮ್ ಬೋನಸ್ ಅಂತಾರ್ರಿ ಅದಕ್ಕ."

"ಇದು ನಮ್ಮ ಗಾಡಿಗೆ ಕೊಟ್ಟಿದ್ದು?"

"ಗಾಡಿಗಲ್ರಿ, ನಿಮಗ. ನಾಳೆ ಈ ಗಾಡಿ ಮಾರಿ ಹೊಸಾದು ತಗೊಂಡ್ರೂ ಬೋನಸ್ ನಿಮ್ಮ ಬೆನ್ನ ಹಿಂದ ಬರತೈತಿ."

ಇಷ್ಟು ಕೇಳಿದ್ದೇ ತಡ, ಅಂದಾನೆಪ್ಪ ಕೂತಲ್ಲೇ ಎರಡು ಬೆರಳು ಎತ್ತರವಾದ. ಆದರೂ ವ್ಯಾಪಾರಸ್ಥ. ಕೇಳಬೇಕಾದ್ದನ್ನು ಕೇಳಿದ. "ಒಮ್ಮೆ ಕ್ಲೇಮ್ ಮಾಡಿದ್ರ?"

"ಸೊನ್ನಿ" ಎಂದ ಮಧು, ಚಹಾ ಹೀರುತ್ತ.

ಮಧು ಹೇಳಿದ ಅಷ್ಟೂ ಮಾತಿನಲ್ಲಿ ಅಂದಾನೆಪ್ಪನ ತಲೆಯೊಳಗೆ ಹೋಗಿ ಚಿಲಕ ಹಾಕಿಕೊಂಡದ್ದು ಆ ಕೊನೆಯದೊಂದೇ. ಅವನು ಪಾಲಿಸಿಯ ಮೊದಲ ಹಾಳೆಗೆ ಪ್ಲಾಸ್ಟಿಕ್ ಹೊದಿಸಿ, ಬಸವಣ್ಣನವರ ಫೋಟೋದ ಪಕ್ಕದಲ್ಲಿ ತೂಗುಹಾಕಿದ. ಕುಕ್ಕರ್ ಕೊಳ್ಳಲು ಬಂದವರಿಗೆ ಕುಕ್ಕರಿಗಿಂತ ಮೊದಲು ಅದನ್ನು ತೋರಿಸಿದ. ಲಗ್ನಗಳಲ್ಲಿ ಪಂಕ್ತಿಯಲ್ಲಿ ಕೂತಾಗ ಯಾರಾದರೂ ಮಗನ ಮಾರ್ಕ್ಸಿನ ಮಾತು ತೆಗೆದರೆ, "ನಂದು ಐವತ್ತೈತ್ರಿ, ಅದರ ಮ್ಯಾಲ ಇಲ್ಲs ಇಲ್ಲ" ಎಂದು ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಇಂಥ ಬಿರುದು ಬಂದವನು ಕಾರು ಓಡಿಸುವುದುಂಟೇ? ಹಾಗೆ ನೋಡಿದರೆ ಮೊದಲೂ ಓಡಿಸಿದ್ದು ಅಷ್ಟಕ್ಕಷ್ಟೇ. ಈಗಂತೂ ಬೆಳಗಾವಿಗೆ ಮಾಲು ತರಲು ಬಸ್ಸು, ಕಿತ್ತೂರಿನ ಸಂಬಂಧಿಕರ ಮನೆಗೆ ಬಸ್ಸು, ದೇಗಾಂವದ ಗುಡಿಗೆ ಟಂಟಂ ರಿಕ್ಷಾ. ಭಾನುವಾರ ಮಾತ್ರ ಹೊದಿಕೆ ತೆಗೆದು, ಕಾರನ್ನು ಹತ್ತು ಮಾರು ಮುಂದೆ ಒಯ್ದು, ಹತ್ತು ಮಾರು ಹಿಂದೆ ತಂದು, ಬೆವರು ಒರೆಸಿಕೊಂಡು ಮತ್ತೆ ಹೊದಿಕೆ ಹೊದಿಸುತ್ತಿದ್ದ. ಎದುರು ಮನೆಯ ಭರಮಪ್ಪ, ಆಯುಷ್ಯವೆಲ್ಲ ಸರ್ಕಾರಿ ಬಸ್ಸು ಓಡಿಸಿ ರಿಟೈರಾದವನು, ಕಟ್ಟೆಯ ಮೇಲೆ ಕೂತು ಇದನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ ಅಂದ:

"ಅಂದಾನೆಪ್ಪಾ, ಗಾಡಿ ಓಡಸಾಕಂತ ಇನ್ಶೂರನ್ಸ್ ತಗೋತಾರ ಮಂದಿ. ಇನ್ಶೂರನ್ಸ್ ಉಳಸಾಕಂತ ಗಾಡಿ ನಿಲ್ಲಿಸಿದಾಂವನ್ನ ನಾ ನಿನ್ನೊಬ್ಬನ್ನ ನೋಡಿದೆ."

"ಕಾಕಾ, ನಿಮಗ ಬೋನಸ್ ಕಿಮ್ಮತ್ತು ತಿಳಿಯಂಗಿಲ್ಲ" ಎಂದ ಅಂದಾನೆಪ್ಪ, ಚಕ್ರಕ್ಕೆ ಅಡ್ಡಗಲ್ಲು ಇಡುತ್ತ.

ಇದೆಲ್ಲದರ ನಡುವೆ ದೇವಕ್ಕ ಎಂಬ ಹೆಂಗಸೊಬ್ಬಳಿದ್ದಳು. ಅಂದಾನೆಪ್ಪನ ಹೆಂಡತಿ. ಕಾರು ಮನೆಗೆ ಬಂದ ದಿನ ಅದಕ್ಕೆ ಆರತಿ ಎತ್ತಿದವಳು, ಎತ್ತಿದ ಕೈಯಲ್ಲೇ ಕೇಳಿದ್ದಳು: "ನಾಗರ ಪಂಚಮಿಗೆ ಇದರಾಗ ರಾಮದುರ್ಗಕ್ಕ ಹೋಗೂಣಲ್ರಿ? ನಾ ಮುಂದಿನ ಸೀಟಿನ್ಯಾಗ ಕುಂದರತೇನಿ." ರಾಮದುರ್ಗ ಅವಳ ತವರು. ಅಂದಾನೆಪ್ಪ ಆಗ ಹೂಂ ಅಂದಿದ್ದ. ಆ ಪಂಚಮಿಗೆ ಮಳೆ ಜಾಸ್ತಿ ಎಂದ. ಮರು ವರ್ಷ ರೋಡು ಕೆಟ್ಟಿದೆ ಎಂದ. ಅದರಾಚೆಗಿನ ವರ್ಷ ಟಾಯರಿನಲ್ಲಿ ಗಾಳಿ ಕಮ್ಮಿ ಎಂದ. ಪ್ರತಿ ಸಲವೂ ದೇವಕ್ಕ ಉಂಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರದೋ ಚೀಲದ ಪಕ್ಕ ಕೂತು ತವರಿಗೆ ಹೋಗಿ ಬಂದಳು. ಹಗಲೆಲ್ಲ ಮನೆಗೆಲಸ ಮುಗಿಸಿ ಸಂಜೆ ಅಂಗಳ ಗುಡಿಸುವಾಗ ಒಮ್ಮೊಮ್ಮೆ ಅವಳು ಕಾರಿನ ಹೊದಿಕೆಯ ಮೂಲೆ ಎತ್ತಿ, ಎಡಗಡೆಯ ಗಾಜಿನೊಳಗೆ ಇಣುಕಿ ಆ ಸೀಟನ್ನು ನೋಡುತ್ತಿದ್ದದ್ದನ್ನು ಅಂದಾನೆಪ್ಪ ಕಂಡಿದ್ದಾನೆ. ಕಂಡಾಗಲೆಲ್ಲ, ಹೆಂಗಸರಿಗೆ ಮುಂದಿನ ಸೀಟಿನ ದೌಲತ್ತು ಬೇಕಾಗಿರುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದ.

ದೌಲತ್ತಿನ ವಿಷಯದಲ್ಲಿ ಅವನೇನೂ ಕಮ್ಮಿಯವನಲ್ಲ ಅನ್ನಿ. ಲಗ್ನವಾಗಿ ಹೆಂಡತಿಯನ್ನು ಕರೆತರುವ ದಿನ ಬಾಡಿಗೆ ಟೆಂಪೋದ ಡ್ರೈವರನ ಪಕ್ಕದಲ್ಲಿ ತಾನು ಕೂತು, ಮದುಮಗಳನ್ನು ಹೆಂಗಸರ ಜೊತೆ ಹಿಂದೆ ಕೂಡಿಸಿದ್ದ. ಲಗ್ನಕ್ಕೆಂದು ತನ್ನ ಅಂಗಡಿಯಿಂದ ಒಯ್ದಿದ್ದ ಅತಿ ದೊಡ್ಡ ತಾಮ್ರದ ಹಂಡೆ ಇಡೀ ಓಣಿಗೆ ಕಾಣಲಿ ಎಂದು, ಅದನ್ನು ತಾನೇ ಎತ್ತಿ ಟೆಂಪೋದ ಹಿಂಬಾಗಿಲಿಗೆ ಆನಿಸಿ ಇಟ್ಟು ಹಗ್ಗ ಬಿಗಿದಿದ್ದ. ಆ ಹಂಡೆ ಇವತ್ತಿಗೂ ಅವರ ಬಚ್ಚಲದಲ್ಲಿ ನೀರು ಕಾಯಿಸುತ್ತದೆ.

ಈ ವರ್ಷ ಶ್ರಾವಣ ಹುಟ್ಟುತ್ತಲೇ ದೇವಕ್ಕ ಜೋಳದ ಅಳ್ಳು ಹುರಿದಳು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಡಬ್ಬಿಯ ಮುಚ್ಚಳ ಹಾಕಿ, ಗಂಡನ ಮುಂದಿಟ್ಟು ಹೇಳಿದಳು:

"ಕಾರಿನ್ಯಾಗಾದ್ರ ಹೋಗೂಣು. ಬಸ್ಸಿನ್ಯಾಗಾದ್ರ ನಾ ಈ ಸಲ ಬರಂಗಿಲ್ಲ."

"ಪಂಚಮಿಗೆ ತವರಮನಿಗೆ ಹೋಗಂಗಿಲ್ಲs?"

"ಹೋಗಂಗಿಲ್ಲ. ಅವ್ವಗ ಫೋನ್ ಹಚ್ಚಿ ನೀವs ಹೇಳ್ರಿ, ಬೋನಸ್ ಬಿಟ್ಟು ಬರಾಕ ಆಗೂದುಲ್ಲ ಅಂತ."

ಸಿಟ್ಟು ಮಾಡಿದ್ದರೆ ಅಂದಾನೆಪ್ಪ ಗೆಲ್ಲುತ್ತಿದ್ದ. ಅವಳು ಸಿಟ್ಟು ಮಾಡಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ಅಂದಾನೆಪ್ಪ ಅಟ್ಟದ ಮೇಲೆ ಹೋಗಿ ಮಧುವಿಗೆ ಫೋನ್ ಹಚ್ಚಿದ.

"ಮಧು, ದಾರ್‍ಯಾಗ ಆಡು ಅಡ್ಡ ಬಂದ್ರ?"

"ಆಡಿಗೆ ಪೆಟ್ಟಾದ್ರ ಥರ್ಡ್ ಪಾರ್ಟಿ ನೋಡ್ಕೊತೈತ್ರಿ."

"ಆಡು ಗುದ್ದಿ ಗಾಡಿಗೆ ಪೆಟ್ಟಾದ್ರ?"

"ಓನ್ ಡ್ಯಾಮೇಜ್ರಿ."

"ಕ್ಲೇಮ್ ಮಾಡಲಿಲ್ಲಂದ್ರ ಬೋನಸ್ ಇರತೈತಿ?"

"ಇರತೈತ್ರಿ."

"ಆಡಿನ ಮಾಲಕ ಕ್ಲೇಮ್ ಮಾಡಿದ್ರ?"

ಮಧು ಆಡಿನ ಮಾತನ್ನು ಅಲ್ಲಿಗೇ ಬಿಟ್ಟ. "ಸಾವ್ಕಾರ್ರ, ಅಕ್ಕಾವ್ರನ್ನ ಕರಕೊಂಡು ಹೋಗಿ ಬರ್ರಿ. ಏನೂ ಆಗಂಗಿಲ್ಲ" ಎಂದು ಫೋನ್ ಇಟ್ಟ.

ಹೊರಡುವ ಮುಂಜಾನೆ ಓಣಿಯ ಓಣಿಯೇ ನೆರೆಯಿತು. ಭರಮಪ್ಪ ಟಾಯರುಗಳನ್ನು ಕಾಲಿನಿಂದ ಒದ್ದು ನೋಡಿ, "ಎಲ್ಲೆ ನಿಲ್ಲಿಸಿದ್ರೂ ಗಾಡಿ ಮುಖ ಹೊರಗ ಇರಬೇಕು, ಹೊರಡೂಮುಂದ ತ್ರಾಸ ಆಗಂಗಿಲ್ಲ" ಎಂದು ಉಪದೇಶ ಮಾಡಿದ. ದೇವಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಡಬ್ಬಿ ಸಮೇತ ಕೂತು, ಗಾಜು ಇಳಿಸಿ ಮೊಣಕೈ ಹೊರಗಿಟ್ಟಳು. ಅವಳ ಮುಖದ ಮೇಲೆ ಅಂಥ ಕಳೆಯನ್ನು ಅಂದಾನೆಪ್ಪ ಬಹಳ ವರ್ಷ ನೋಡಿರಲಿಲ್ಲ.

"ಕೈ ಒಳಗ ತಗೋ. ಬಾಜೂಕ ಹೋಗೋ ಗಾಡಿ ಸವರಿದ್ರ ಏನ್ ಮಾಡ್ತಿ?" ಎಂದ.

ಅವಳು ಕೈ ಒಳಗೆ ತೆಗೆದುಕೊಂಡಳು. ಸಣ್ಣ ಕಲ್ಲು ಸಿಡಿದೀತು ಎಂದು ಗಾಜನ್ನೂ ಏರಿಸಲು ಹೇಳಿದ. ಏರಿಸಿದಳು. ಮಳೆಯಲ್ಲಿ ತೊಯ್ದ ಹೆಸರಿನ ಹೊಲಗಳು, ಗೋವಿನಜೋಳದ ಹೊಲಗಳು ಗಾಜಿನಾಚೆಗೆ ಮೆಲ್ಲಗೆ ಹಿಂದೆ ಸರಿದವು. ಮೆಲ್ಲಗೆ ಎಂದರೆ, ಸೈಕಲ್ಲಿನವನೊಬ್ಬ ಇವರನ್ನು ಹಿಂದೆ ಹಾಕಿ, ತಿರುಗಿ ನೋಡಿ, ಮರುಕ ಪಟ್ಟು ಹೋದ. ಮುನವಳ್ಳಿ ಹತ್ತಿರ ಮಲಪ್ರಭೆಯ ನೀರು ಕಂಡಾಗ ದೇವಕ್ಕ, "ಒಂದೀಟು ನಿಂದರಸ್ರಿ, ನೀರು ನೋಡೂಣು" ಎಂದಳು.

"ನಿಂತ ಗಾಡಿಗೇ ಹೆಚ್ಚು ಬಂದು ಗುದ್ದತಾರ" ಎಂದ ಅಂದಾನೆಪ್ಪ.

ನೀರು ಎಡಗಡೆ ಗಾಜಿನಲ್ಲಿ ಮೂಡಿ, ಹಿಂದಿನ ಗಾಜಿಗೆ ಹೋಗಿ, ಇಲ್ಲವಾಯಿತು. ಐದು ವರ್ಷ ಬಯಸಿದ ಸೀಟಿನಲ್ಲಿ ಅವಳು ಕೂತಿದ್ದಳು, ಆದರೆ ಬಯಸಿದ್ದು ಇನ್ನೂ ಸಿಕ್ಕಿರಲಿಲ್ಲ ಎಂಬುದು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದ ಅವನಿಗೂ ಗೊತ್ತಾಗುತ್ತಿತ್ತು. ಒಂದು ಕೈ ಬಿಡುವ ಧೈರ್ಯವಿದ್ದಿದ್ದರೆ ಏನಾದರೂ ಮಾಡುತ್ತಿದ್ದನೇನೋ.

ರಾಮದುರ್ಗದ ಓಣಿಯಲ್ಲಿ ಅವಳ ತವರುಮನೆಯ ಮುಂದೆ ದೊಡ್ಡದೊಂದು ಬೇವಿನ ಮರ. ಪಂಚಮಿ ಬಂತೆಂದರೆ ಅದಕ್ಕೆ ಜೋಕಾಲಿ. ಪಂಚಮಿಯಲ್ಲಿ ಜೋಕಾಲಿ ಏರದ ಹೆಂಗಸು ಆ ಓಣಿಯಲ್ಲಿಲ್ಲ, ಸೊಸೆಯಿಂದ ಅಜ್ಜಿಯ ತನಕ. ಇವರ ಕಾರು ಓಣಿಯೊಳಗೆ ಹೊಕ್ಕಾಗ ಜೋಕಾಲಿಯ ಹಲಗೆಯ ಮೇಲೆ ನಿಂತು ಜೀಕುತ್ತಿದ್ದವಳು ದೇವಕ್ಕನ ತಾಯಿ ಶೆಟ್ಟೆವ್ವ, ಎಪ್ಪತ್ತು ದಾಟಿದ ಮುದುಕಿ, ಕಚ್ಚೆ ಬಿಗಿದು, ಹಗ್ಗ ಹಿಡಿದು.

"ಅಕ್ಕ ಬಂದ್ಲು! ಕಾರಿನ್ಯಾಗ ಬಂದ್ಲು!" ಎಂದು ದೇವಕ್ಕನ ತಮ್ಮ ಸಚಿನ ಕೂಗಿದ. ಅಂದಾನೆಪ್ಪ ಭರಮಪ್ಪನ ಉಪದೇಶ ನೆನಪಿಸಿಕೊಂಡು, ಗಾಡಿಯ ಮುಖ ಹೊರಗೆ ಮಾಡಲು ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿ, ಕೊನೆಗೆ ಬೇವಿನ ಮರದ ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, 'ಶಿವಾ' ಎಂದು ಉಸಿರು ಬಿಟ್ಟ. ಇಡೀ ದಾರಿಯಲ್ಲಿ ಅವನು ಬಿಟ್ಟ ಮೊದಲನೆಯ ಉಸಿರು ಅದು.

ಮುಂದಿನ ಸೀಟಿನಲ್ಲಿ ಮಗಳನ್ನು ಕಂಡ ಸಂತೋಷಕ್ಕೆ ಶೆಟ್ಟೆವ್ವ ಒಂದು ಜೀಕು ಹೆಚ್ಚಿಗೆ ಜೀಕಿದಳು. ಜೋಕಾಲಿಗೆ ಬ್ರೇಕು ಇರುವುದಿಲ್ಲ. ಹಲಗೆಯೂ ಅದರ ಮೇಲಿದ್ದ ಎರಡು ಪಾದಗಳೂ ಬಂದು ಎಡಗಡೆಯ ಬಾಗಿಲಿಗೆ ಧಡಾರೆಂದು ಬಡಿದವು. ಬಾಗಿಲು ಒಳಗೆ ಹೋಯಿತು. ಗಾಜು ಸರ್ರನೆ ಜಾರಿ ಬಾಗಿಲಿನ ಹೊಟ್ಟೆಯೊಳಗೆ ಇಳಿಯಿತು. ತಾಯಿಯೂ ಮಗಳೂ ಮುಖಕ್ಕೆ ಮುಖ ನೋಡಿದರು.

"ಬಂದ್ಯಾ ನನ್ನ ಮಗಳs?" ಎಂದು ಕೇಳಿದ ಶೆಟ್ಟೆವ್ವನನ್ನು, ಉತ್ತರಕ್ಕೆ ಕಾಯದೆ ಜೋಕಾಲಿ ಹಿಂದಕ್ಕೆ ಒಯ್ದಿತು. ಎರಡನೆಯ ಸಲ ಬರುವಷ್ಟರಲ್ಲಿ ಹೆಂಗಸರೆಲ್ಲ ಕೂಡಿ ಹಗ್ಗ ಹಿಡಿದರು.

ಮುದುಕಿಗೆ ಕಾಲುಂಗುರ ಸೊಟ್ಟಗಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಂದಾನೆಪ್ಪ ಮಾತ್ರ ಬಾಗಿಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವಸರದಲ್ಲಿ ಮಧುವಿಗೆ ಫೋನ್ ಹಚ್ಚಿದ. ಓಣಿಯವರಿಗೂ ಕೇಳಲಿ ಎಂಬಂತೆ ಸ್ಪೀಕರ್ ತಾನಾಗಿಯೇ ಹತ್ತಿತು.

"ಮಧು, ನಮ್ಮ ಅತ್ತಿ ಗಾಡಿ ಒದ್ದಾರ."

"ಸಿಟ್ಟಿಗೇರಿ?"

"ಖುಷಿಲೆ. ಇದಕ್ಕ ಥರ್ಡ್ ಪಾರ್ಟಿ ಬರತೈತೋ?"

"ಗಾಡಿ ಅವರನ್ನ ಹೊಡದಿದ್ರ ಬರ್ತಿತ್ರಿ. ಇಲ್ಲೆ ಅವರs ಗಾಡಿನ್ನ ಹೊಡದಾರ. ಇದು ಓನ್ ಡ್ಯಾಮೇಜು. ಸಣ್ಣ ಪೆಟ್ಟಾಗಿದ್ರ ನೀವs ರಿಪೇರಿ ಮಾಡಿಸ್ರಿ, ಬೋನಸ್ ಉಳೀತೈತಿ. ಕ್ಲೇಮ್ ಮಾಡಾವ್ರಿದ್ರ ಕಂಪನಿ ಸರ್ವೇಯರ್ ಬಂದು ನೋಡೂತನಕ ಒಂದು ಬೆರಳೂ ಹಚ್ಚಬ್ಯಾಡ್ರಿ. ನಾಳೆ ಅವರು ಆ ಕಡೆ ಬ್ಯಾರೆ ಗಾಡಿ ನೋಡಾಕ ಬರಾಕತ್ತಾರ. ಹೇಳ್ಲೇನು?"

ಅಂದಾನೆಪ್ಪ ಬಾಗಿಲು ನೋಡಿದ. ಐವತ್ತು ನೆನೆದ. ಎರಡೂ ಬೇಕು ಎನಿಸಿತು. "ಬಂದು ನೋಡಲಿ. ನೋಡಿದ್ರ ಏನೂ ಹೋಗಂಗಿಲ್ಲಲ್ಲ?" ಎಂದ.

ಇಷ್ಟೂ ಮಾತನ್ನು ಕೇಳಿಸಿಕೊಂಡ ಓಣಿಗೆ ಒಂದೇ ಅರ್ಥವಾಯಿತು: ನಾಳೆ ಸಾಹೇಬರು ಬರುತ್ತಾರೆ, ಶೆಟ್ಟೆವ್ವ ಗಾಡಿ ಒದ್ದದ್ದನ್ನು ಬರೆದುಕೊಳ್ಳುತ್ತಾರೆ. ಪಕ್ಕದ ಮನೆಯ ಮುದಕವ್ವ, ಆ ಓಣಿಯ ಎಲ್ಲ ಲಗ್ನಗಳನ್ನೂ ಎಲ್ಲ ಜಗಳಗಳನ್ನೂ ನಡೆಸಿಕೊಟ್ಟವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಳಿಯ ಬಂದ ಗಾಡಿ ನಮ್ಮ ಬಾಗಲದಾಗ ತಗ್ಗು ಬಿದ್ದು ವಾಪಸ್ ಹೋಕೈತೇನು? ಓಣಿ ಮಾನ ಏನಾಗಬೇಕು? ಸಚಿನಾ, ಏಳ್ ನೀ."

ಅಂದಾನೆಪ್ಪನಿಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಅಳಿಯನಿಗೆ ಸಾಕು ಅನ್ನುವ ಹಕ್ಕು ಇಲ್ಲದ್ದರಿಂದ ತಿಂದ. ತಿಂದು ಪಡಸಾಲೆಯಲ್ಲಿ ಮಲಗಿದವನು, ಕನಸಿನಲ್ಲಿ ಭಾಂಡೆ ಬಡಿಯುವ ಸಪ್ಪಳ ಕೇಳುತ್ತಿದೆ ಎಂದುಕೊಂಡು ಮಗ್ಗಲು ಬದಲಿಸಿದ. ಕನಸಾಗಿರಲಿಲ್ಲ. ಕೊಡಗಳ ತಗ್ಗು ತೆಗೆಯುವವನನ್ನು ಕರೆಸಿ, ಕಟ್ಟಿಗೆಯ ಸುತ್ತಿಗೆಯಿಂದ ಬಾಗಿಲನ್ನು ಬಡಿಸಿ ಹೊರಗೆ ತೆಗೆಸಿದ್ದರು. ಬಣ್ಣ ಹಾರಿದಲ್ಲಿ ಏನು ಮಾಡುವುದು? ದೀಪಾವಳಿಗೆಂದು ಮನೆಯ ಕಿಟಕಿಗಳಿಗೆ ತಂದಿಟ್ಟ ಆಯಿಲ್ ಪೇಂಟ್ ಇತ್ತು. ಒಂದೇ ಕಡೆ ಬಳಿದರೆ ಚಂದ ಕಾಣದೆಂದು ಇಡೀ ಬಾಗಿಲಿಗೆ ಬಳಿದರು. ಅಂದಾನೆಪ್ಪ ಎದ್ದು ಆಕಳಿಸುತ್ತ ಹೊರಗೆ ಬಂದಾಗ, ಬಿಳಿಯ ಕಾರಿಗೆ ಅಚ್ಚ ಹಸಿರು ಬಾಗಿಲೊಂದು ಹೊಳೆಯುತ್ತಿತ್ತು. ಗಾಜು ಮಾತ್ರ ಯಾರ ಕೈಗೂ ಸಿಕ್ಕದೆ ಒಳಗೇ ಉಳಿದಿತ್ತು.

"ಹ್ಯಾಂಗೈತ್ರಿ ಮಾಮಾ? ಅಕ್ಕನ ಸೀರಿಗೆ ಮ್ಯಾಚ್ ಆಗೇತಿ" ಎಂದ ಸಚಿನ, ಕೈಗೆ ಬಣ್ಣ ಮೆತ್ತಿಕೊಂಡು.

ಅಂದಾನೆಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಅದರೊಳಗೆ ಯಾರೋ ಒಂದು ಎಳ್ಳುಂಡಿ ಇಟ್ಟರು.

ಮರುದಿನ ಬೈಕಿನ ಮೇಲೆ ಸರ್ವೇಯರ್ ಸಾಹೇಬರು ಬಂದರು. ಸಣ್ಣ ವಯಸ್ಸು, ದೊಡ್ಡ ಚಷ್ಮಾ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಡ್ಯಾಮೇಜ್ ಎಲ್ಲೈತ್ರಿ?" ಎಂದರು.

"ಎಲ್ಲೂ ಇಲ್ರಿ ಸಾಹೇಬ್ರ!" ಎಂದಳು ಮುದಕವ್ವ. "ನಮ್ಮ ಓಣ್ಯಾಗ ಏನೂ ಆಗೂದುಲ್ಲ."

"ಅತ್ತಿಯವರು ಜೋಕಾಲಿಯಿಂದ ಒದ್ರು ಅಂತ ಮಧು ಹೇಳಿದ್ರಲ್ಲ?"

"ಯಾರು, ಶೆಟ್ಟೆವ್ವ? ಅಕಿ ಜೋಕಾಲಿ ಮುಖಾ ನೋಡಿ ಇಪ್ಪತ್ತು ವರ್ಷ ಆತ್ರಿ. ಮಂಡಿ ಬ್ಯಾನಿ. ಎದ್ದು ನಿಂದರಾಕ ಬರಂಗಿಲ್ಲ."

ಓಣಿಯ ಹೆಂಗಸರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಮಂಡಿ ನೋವಿನ ಶೆಟ್ಟೆವ್ವ ಅಷ್ಟರಲ್ಲಿ ಮೆಟ್ಟಿಲು ಹಾರಿ ಬಂದು, "ಯಾಕ ಸುಳ್ಳು ಹೇಳ್ತಿ ಮುದಕಿ? ನಾನs ಒದ್ದೇನ್ರಿ ಸಾಹೇಬ್ರ, ಎರಡೂ ಕಾಲಲೆ. ಬರಕೋರಿ. ಮಗಳು ಕಾರಿನ್ಯಾಗ ಬಂದಿದ್ಲು. ಬೇಕಾದ್ರ ಇನ್ನೊಮ್ಮೆ ಒದ್ದು ತೋರಸ್ತೇನಿ" ಎಂದು ಜೋಕಾಲಿಯ ಕಡೆ ಹೊರಟೇಬಿಟ್ಟಳು. ಅವಳನ್ನು ಹಿಡಿದು ಕೂಡಿಸಲು ನಾಲ್ವರು ಬೇಕಾದರು.

ಸಾಹೇಬರು ಹಸಿರು ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೆರಳು ಹಸಿರಾಯಿತು. "ರಿಪೇರಿ ಆದದ್ದನ್ನ ನಾ ಏನಂತ ನೋಡ್ಲಿರಿ? ಹೆಂಗ ಪೆಟ್ಟಾತು ಅಂತ ಒಬ್ಬೊಬ್ರು ಒಂದೊಂದು ಹೇಳ್ತೀರಿ. ಇದು ಕ್ಲೇಮಿಗೆ ಬರಂಗಿಲ್ರಿ. ಗಾಜು ಊರಿಗೆ ಹೋಗಿ ಮಾಡಿಸ್ಕೋರಿ."

"ಹಂಗಂದ್ರ... ಕ್ಲೇಮ್ ಇಲ್ಲ?" ಎಂದು ಅಂದಾನೆಪ್ಪ ತೊದಲಿದ.

"ಇಲ್ಲ."

"ಐವತ್ತು?"

"ಐವತ್ತು ಐವತ್ತs ಇರತೈತ್ರಿ" ಎಂದು ಸಾಹೇಬರು ಉಂಡಿಯ ಪೊಟ್ಟಣ ಜೇಬಿಗೆ ಹಾಕಿಕೊಂಡು ಬೈಕು ಒದ್ದರು.

ಅಂದಾನೆಪ್ಪ ಖುಷಿ ಪಡಬೇಕಿತ್ತು. ಪಟ್ಟ ಕೂಡ. ಆದರೆ ಆ ಖುಷಿ ಅಂಗಳ ದಾಟುವುದರೊಳಗೆ ಮುಗಿಯಿತು. ತಾಯಿಯೂ ಮಗಳೂ ಕಟ್ಟೆಯ ಮೇಲೆ ಒಂದೇ ತಾಟಿನಲ್ಲಿ ಅಳ್ಳು ತಿನ್ನುತ್ತ ಕೂತಿದ್ದರು. ಶೆಟ್ಟೆವ್ವ ಸೊಟ್ಟಗಾದ ಕಾಲುಂಗುರವನ್ನು ಊರಿಗೆಲ್ಲ ತೋರಿಸಿ ಮೆರೆಯುತ್ತಿದ್ದಳು, ಮಗಳು ಕಾರಿನಲ್ಲಿ ಬಂದ ಗುರುತೆಂದು. ತನ್ನ ಐವತ್ತನ್ನು ನೋಡಿ ಯಾರೂ ಹೀಗೆ ಹಿಗ್ಗಿದ್ದಿಲ್ಲ ಎಂದು ಅವನಿಗೆ ಹೊಳೆದು, ಸ್ವಲ್ಪ ಸಣ್ಣವನಾದ.

ಹೊರಡುವ ಹೊತ್ತಿಗೆ ಮಳೆ ನಿಂತಿತ್ತು. ದೇವಕ್ಕ ಹಸಿರು ಬಾಗಿಲು ತೆಗೆದು ಕೂತಳು. ಏರಿಸಲು ಗಾಜಿರಲಿಲ್ಲ. ಮೊಣಕೈ ತಾನಾಗಿಯೇ ಹೊರಗೆ ಹೋಯಿತು. ಅಂದಾನೆಪ್ಪ ಅದನ್ನು ನೋಡಿಯೂ ಗೇರು ಹಾಕಿದ. ಗಾಡಿ ಮೆಲ್ಲಗೆ ಓಣಿಯ ತಿರುವಿಗೆ ಬಂತು. ಅವಳು ಕುತ್ತಿಗೆ ಹೊರಗೆ ಹಾಕಿ ಹಿಂದೆ ನೋಡುತ್ತಿದ್ದಳು, ಸೆರಗು ಗಾಳಿಗೆ ಹಾರುತ್ತಿತ್ತು.

"ಕಾಣಾಕತ್ತಾಳ" ಎಂದಳು, ತನಗೇ ಎಂಬಂತೆ.

"ಯಾರು?"

"ಅವ್ವ. ಬೇವಿನ ಗಿಡದ ಬುಡಕ ನಿಂತು ಕೈ ಬೀಸಾಕತ್ತಾಳ. ಲಗ್ನದ ದಿನಾನೂ ಹಿಂಗs ನಿಂತಿದ್ಲಂತ. ನನಗ ಕಾಣಲಿಲ್ಲ. ಹಂಡೆ ಅಡ್ಡ ಬಂದಿತ್ತು." ಸ್ವಲ್ಪ ತಡೆದು ಸೇರಿಸಿದಳು, "ಬಸ್ಸಿನ್ಯಾಗೂ ಕಾಣಂಗಿಲ್ರಿ. ಸ್ಟ್ಯಾಂಡಿನ್ಯಾಗ ಹತ್ತಿಬಿಡ್ತೇವಲ್ಲ, ಓಣಿ ಎಲ್ಲೆ ಬರತೈತಿ?"

ಅಂದಾನೆಪ್ಪನ ಕಾಲು ಬ್ರೇಕಿನ ಮೇಲೆ ಹೋಯಿತು. ಆ ಹಂಡೆಯನ್ನು ಎತ್ತಿ ಇಟ್ಟ ತನ್ನದೇ ಎರಡು ಕೈ ಸ್ಟೇರಿಂಗಿನ ಮೇಲಿದ್ದವು. ಹಗ್ಗ ಬಿಗಿದದ್ದೂ ಅವೇ. ಎಷ್ಟೋ ವರ್ಷ ದಿನಾಲೂ ಅದೇ ಹಂಡೆಯ ಬಿಸಿನೀರಲ್ಲಿ ಮಿಂದಿದ್ದಾನೆ.

ಹಿಂದೆ ಒಂದು ಟ್ರ್ಯಾಕ್ಟರ್ ಹಾರ್ನ್ ಹಾಕುತ್ತಿತ್ತು. ಬದಿಗೆ ಒಂದು ಎಮ್ಮೆ, ಅದರ ಬದಿಗೆ ಯಾರದೋ ಹೊಸ ಬೈಕು. ಅಂದಾನೆಪ್ಪ ಟ್ರ್ಯಾಕ್ಟರಿನವನಿಗೆ ಕೈ ಮುಗಿದು ದಾರಿ ಬಿಡಿಸಿಕೊಂಡು, ಗಾಡಿಯನ್ನು ರಿವರ್ಸಿಗೆ ಹಾಕಿದ.

"ಏನ್ ಮಾಡಾಕತ್ತೀರಿ?" ಎಂದಳು ದೇವಕ್ಕ, ಗಾಬರಿಯಾಗಿ. "ಎಮ್ಮಿ ಐತ್ರಿ! ಬೋನಸ್..."

"ಇರಲಿ. ನೀ ಆ ಕಡೆ ನೋಡು" ಎಂದ ಅಂದಾನೆಪ್ಪ, ಎಮ್ಮೆಯನ್ನು ಸವರಿಯೂ ಸವರದಂತೆ ಹಿಂದೆ ಹೋಗುತ್ತ. ತಿರುವು ದಾಟಿತು, ಮುದಕವ್ವನ ಕಟ್ಟೆ ದಾಟಿತು, ಬೇವಿನ ಮರ ಹತ್ತಿರಾಯಿತು. ಮಗಳು ತಿರುಗಿ ಬಂದದ್ದನ್ನು ಕಂಡ ಶೆಟ್ಟೆವ್ವ ಹಿಗ್ಗಿನಿಂದ ಜೋಕಾಲಿಯ ಹಗ್ಗಕ್ಕೆ ಕೈ ಹಾಕಿದಳು.

"ಅತ್ತೀ, ಅದನ್ನ ಬಿಟ್ಟು ಇತ್ಲಾಗ ಬರ್ರಿ!" ಎಂದು ಅಂದಾನೆಪ್ಪ ಕಿಟಕಿಯಿಂದ ಕೂಗಿದ.

ಶೆಟ್ಟೆವ್ವ ಹಗ್ಗ ಬಿಟ್ಟು ಬಂದು, ಗಾಜಿಲ್ಲದ ಬಾಗಿಲಿನೊಳಗೆ ಎರಡೂ ಕೈ ಹಾಕಿ ಮಗಳ ಮುಖ ಹಿಡಿದಳು. ಅಂದಾನೆಪ್ಪ ಎಂಜಿನ್ ಬಂದ್ ಮಾಡಿ, ಎದುರಿಗೆ ನೋಡುತ್ತ ಕೂತ. ಸ್ವಲ್ಪ ಹೊತ್ತಿನ ಮೇಲೆ ದೇವಕ್ಕನ ಕೈ ಅವನ ಮೊಣಕೈಗೆ ತಾಗಿತು.

"ಹೋಗೂಣ್ರಿ" ಎಂದಳು.

"ಅವಸರ ಏನೈತಿ?" ಎಂದ ಅವನು. "ಮುನವಳ್ಳ್ಯಾಗ ನಿಂತು ನೀರು ನೋಡೂಣಂತ."